ಫೈಲ್, ಸಾಕೆಟ್, ಮೆಮೊರಿ: ಸಿ ಭಾಷೆಯಲ್ಲಿ ಎಲ್ಲಕ್ಕೂ ಒಂದೇ ಸ್ಟ್ರೀಮ್ ಇಂಟರ್‌ಫೇಸ್

ಬೈಟ್‌ಗಳನ್ನು ಓದಿ ಅರ್ಥ ಬಿಡಿಸುವ ನಿಮ್ಮ ಪಾರ್ಸರ್‌ಗೆ ಇವತ್ತು ಫೈಲ್‌ನಿಂದ ಬೈಟ್‌ಗಳು ಬರುತ್ತವೆ, ನಾಳೆ ಸಾಕೆಟ್‌ನಿಂದ ಬರಬೇಕು, ಟೆಸ್ಟ್ ಮಾಡುವಾಗ ಮೆಮೊರಿಯಿಂದ. ಮೂರಕ್ಕೂ ಬೇರೆ ಬೇರೆ ಕೋಡ್ ಬರೆಯುವುದು ದಂಡ. ಸಿ ಭಾಷೆಯಲ್ಲಿ ಕ್ಲಾಸ್ ಇಲ್ಲದಿದ್ದರೇನಂತೆ, ಫಂಕ್ಷನ್ ಪಾಯಿಂಟರ್‌ಗಳ ಒಂದು ಟೇಬಲ್ ಸಾಕು. ಲಿನಕ್ಸ್ ಕರ್ನೆಲ್ ಡ್ರೈವರ್‌ಗಳನ್ನು ನಿಭಾಯಿಸುವುದೂ ಹೀಗೆಯೇ.

ಎರಡು ಸ್ಟ್ರಕ್ಟ್ ಬರೆಯಿರಿ. 'ಆಪ್ಸ್' ಎಂಬುದರಲ್ಲಿ ರೀಡ್, ರೈಟ್, ಫ್ಲಶ್, ಕ್ಲೋಸ್ ಎಂಬ ನಾಲ್ಕು ಫಂಕ್ಷನ್ ಪಾಯಿಂಟರ್‌ಗಳಿರಲಿ. 'ಸ್ಟ್ರೀಮ್' ಎಂಬುದರಲ್ಲಿ ಆಪ್ಸ್‌ಗೆ ಒಂದು ಕಾನ್ಸ್ಟ್ ಪಾಯಿಂಟರ್, ಬ್ಯಾಕೆಂಡ್‌ನ (ಅಂದರೆ ಫೈಲ್, ಸಾಕೆಟ್, ಮೆಮೊರಿ ಒಂದೊಂದನ್ನೂ ನಿಭಾಯಿಸುವ ಕೋಡ್‌ನ) ಸ್ವಂತ ಮಾಹಿತಿಗೆ ಒಂದು ವಾಯ್ಡ್ ಪಾಯಿಂಟರ್, ಮೊದಲು ಬಂದ ಎರರ್ ಉಳಿಸಲು ಒಂದು ಇಂಟ್. ಬೇಕಾದ ಜಾಗಕ್ಕೆ ಹಾರುವ ಸೀಕ್ ಸೇರಿಸಲು ಆಸೆಯಾಗುತ್ತದೆ, ತಡೆದುಕೊಳ್ಳಿ: ಪೈಪ್, ಸಾಕೆಟ್ ಎರಡಕ್ಕೂ ಅದು ಸಾಧ್ಯವಿಲ್ಲ.

ಇಷ್ಟು ಯಾರಾದರೂ ಬರೆದಾರು. ಕೆಡುವುದು ರಿಟರ್ನ್ ಬೆಲೆಯ ಕರಾರಿನಲ್ಲಿ. ಹೆಡರ್ ಫೈಲ್‌ನಲ್ಲೇ ಕಾಮೆಂಟ್ ಆಗಿ ಹೀಗೆ ಬರೆದಿಡಿ: ರೀಡ್ ಕೊಡುವುದು 1ರಿಂದ ಕೇಳಿದಷ್ಟರವರೆಗಿನ ಸಂಖ್ಯೆ, 0 ಎಂದರೆ ಸ್ಟ್ರೀಮ್ ಮುಗಿಯಿತು, ಬೇರೆ ಅರ್ಥವಿಲ್ಲ, -1 ಎಂದರೆ ಎರರ್. 0 ಬೈಟ್ ಕೇಳುವ ಕರೆಯನ್ನು ಅಸರ್ಟ್ ಹಾಕಿ ತಡೆಯಿರಿ, ಇಲ್ಲವಾದರೆ ಆ 0ಗೆ ಎರಡು ಅರ್ಥ ಬರುತ್ತದೆ. ರಿಟರ್ನ್ ಟೈಪ್ ಸೈನ್ಡ್, ಅಂದರೆ ಋಣ ಸಂಖ್ಯೆಯನ್ನೂ ಹಿಡಿಯುವಂಥದ್ದು ಆಗಿರಬೇಕು. ಅನ್‌ಸೈನ್ಡ್ ಆದ ಸೈಜ್-ಟಿ ಬಳಸಿದರೆ 64 ಬಿಟ್ ಯಂತ್ರದಲ್ಲಿ -1 ಎಂಬುದು 18446744073709551615 ಆಗಿ, 'ಸೊನ್ನೆಗಿಂತ ಕಡಿಮೆಯೇ' ಎಂಬ ಪರೀಕ್ಷೆ ಎಂದೂ ನಿಜವಾಗುವುದಿಲ್ಲ.

ಸಾಕೆಟ್‌ನಲ್ಲಿ 4096 ಬೈಟ್ ಕೇಳಿದರೆ 700 ಸಿಗಬಹುದು, ಅದು ಎರರ್ ಅಲ್ಲ. ಪೂರ್ತಿ ಬೇಕಾದವರಿಗೆ ಲೂಪ್ ಹಾಕುವ 'ರೀಡ್-ಫುಲ್', 'ರೈಟ್-ಆಲ್' ಎಂಬ ಎರಡು ಸಹಾಯಕ ಫಂಕ್ಷನ್‌ಗಳನ್ನು ಇಂಟರ್‌ಫೇಸ್‌ನ ಮೇಲೆ ಒಮ್ಮೆ ಬರೆಯಿರಿ. ಪ್ರತಿ ಬ್ಯಾಕೆಂಡ್‌ನಲ್ಲೂ ಬೇಡ. ರೈಟ್-ಆಲ್‌ನಲ್ಲಿ 0 ಬಂದರೆ ಎರರ್ ಎಂದೇ ತಿಳಿಯಿರಿ, ಇಲ್ಲದಿದ್ದರೆ ಲೂಪ್ ನಿಲ್ಲದೆ ಸುತ್ತುತ್ತಿರುತ್ತದೆ. ಸಿಗ್ನಲ್‌ನಿಂದ ಕರೆ ಅರ್ಧಕ್ಕೆ ನಿಂತಾಗ ಮತ್ತೆ ಪ್ರಯತ್ನಿಸುವುದು ಮಾತ್ರ ಫೈಲ್ ಡಿಸ್ಕ್ರಿಪ್ಟರ್ ಬ್ಯಾಕೆಂಡ್‌ನ ಕೆಲಸ, ಆ ವಿಷಯ ಪಾರ್ಸರ್‌ವರೆಗೆ ಏರಬಾರದು. ಆಚೆ ಬದಿ ಮುಚ್ಚಿದ ಸಾಕೆಟ್‌ಗೆ ಬರೆದರೆ ಸಿಗ್‌ಪೈಪ್ ಎಂಬ ಸಿಗ್ನಲ್ ಬಂದು ಪ್ರೋಗ್ರಾಮೇ ಸಾಯುತ್ತದೆ. ಆ ಸಿಗ್ನಲನ್ನು ಇಗ್ನೋರ್ ಮಾಡಿದರೆ ಅದೇ ಸಂಗತಿ ಮಾಮೂಲಿ ಎರರ್ ಆಗಿ ಕೈಗೆ ಬರುತ್ತದೆ.

ಒಂದೊಂದೇ ಬೈಟ್ ಓದುವ ಫಂಕ್ಷನ್ ಇಂಟ್ ಕೊಡಲಿ: ಅನ್‌ಸೈನ್ಡ್ ಚಾರ್ ಆಗಿ 0ರಿಂದ 255, ಮುಗಿದರೆ -1. ಅದನ್ನು ಚಾರ್‌ನಲ್ಲಿ ಹಿಡಿದರೆ, ಚಾರ್ ಸೈನ್ಡ್ ಆದ ಕಡೆ 255 ಎಂಬ ಬೈಟ್ ಬಂದೊಡನೆ ಓದು ನಿಲ್ಲುತ್ತದೆ. ಎಆರ್‌ಎಂ ಲಿನಕ್ಸ್‌ನಂತೆ ಚಾರ್ ಅನ್‌ಸೈನ್ಡ್ ಆದ ಕಡೆ ನಿಲ್ಲುವುದೇ ಇಲ್ಲ.

ಕ್ಲೋಸ್ ವಾಯ್ಡ್ ಆಗಿರಬಾರದು. ಇನ್ನೊಂದು ಸ್ಟ್ರೀಮ್‌ನ ಮೇಲೆ ಕೂತು, ಬೈಟ್‌ಗಳನ್ನು ಬಫರ್‌ನಲ್ಲಿ ಕೂಡಿಟ್ಟು ಫ್ಲಶ್ ಆದಾಗ ಕೆಳಗೆ ಕಳಿಸುವ ಸ್ಟ್ರೀಮ್‌ನಲ್ಲಿ ಡಿಸ್ಕ್ ತುಂಬಿದ್ದು ಎಷ್ಟೋ ಸಲ ಗೊತ್ತಾಗುವುದೇ ಕೊನೆಯ ಫ್ಲಶ್‌ನಲ್ಲಿ. ಫ್ಲಶ್ ಸೋತರೂ ಕೆಳಗಿನ ಸ್ಟ್ರೀಮ್ ಮುಚ್ಚಿ, ಮೆಮೊರಿ ಬಿಡಿಸಿ, ಮೊದಲು ಬಂದ ಎರರನ್ನೇ ಹಿಂದಿರುಗಿಸಿ. ಕೆಳಗಿನ ಸ್ಟ್ರೀಮ್ ಯಾರ ಸ್ವತ್ತು ಎಂಬುದನ್ನು ತೆರೆಯುವಾಗಲೇ ಒಂದು ಫ್ಲ್ಯಾಗ್‌ನಿಂದ ಹೇಳಿ, ಎರಡು ಸಲ ಮುಚ್ಚುವ ತಾಪತ್ರಯ ತಪ್ಪುತ್ತದೆ.

ಟೆಸ್ಟ್‌ಗೆ ಎರಡು ತುಂಟ ಬ್ಯಾಕೆಂಡ್‌ಗಳು ಬೇಕು: ಎಷ್ಟೇ ಕೇಳಿದರೂ ಒಂದೇ ಬೈಟ್ ಕೊಡುವುದೊಂದು, ಇಂತಿಷ್ಟು ಬೈಟ್ ಆದಮೇಲೆ ಎರರ್ ಕೊಡುವುದೊಂದು. ಮೆಮೊರಿ ಬ್ಯಾಕೆಂಡ್ ಕೇಳಿದ್ದನ್ನೆಲ್ಲ ಒಮ್ಮೆಗೇ ಕೊಡುವುದರಿಂದ ತಪ್ಪುಗಳನ್ನು ಮುಚ್ಚಿಡುತ್ತದೆ.

ಸಿ ಭಾಷೆಯ ಮಾಮೂಲಿ ಬರೆಯುವ ಫಂಕ್ಷನ್ ಎಫ್‌ಪ್ರಿಂಟ್‌ಎಫ್ ಬೇಕೇ ಬೇಕೆಂದರೆ ನಿಮ್ಮ ಆಪ್ಸನ್ನು ಸ್ಟ್ಯಾಂಡರ್ಡ್ ಫೈಲ್ ಪಾಯಿಂಟರ್‌ಗೆ ಜೋಡಿಸಬಹುದು: ಗ್ನೂ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಎಫ್‌ಓಪನ್‌ಕುಕೀ, ಬಿಎಸ್‌ಡಿ ಮತ್ತು ಮ್ಯಾಕ್‌ಓಎಸ್‌ನಲ್ಲಿ ಫನ್‌ಓಪನ್. ಗ್ಲಿಬ್‌ಸಿಯಲ್ಲಿ ಗ್ನೂ ಸೋರ್ಸ್ ಮ್ಯಾಕ್ರೊವನ್ನು ಎಲ್ಲ ಹೆಡರ್‌ಗಳಿಗಿಂತ ಮೊದಲೇ ಡಿಫೈನ್ ಮಾಡಿರಬೇಕು. ಇಲ್ಲೊಂದು ಗುಂಡಿಯಿದೆ: ಎಫ್‌ಓಪನ್‌ಕುಕೀಯ ರೈಟ್ ಕಾಲ್‌ಬ್ಯಾಕ್ ಎರರ್ ಆದಾಗ 0 ಕೊಡಬೇಕು, -1 ಅಲ್ಲ, ಫನ್‌ಓಪನ್‌ನಲ್ಲಿ -1. ನಡುವೆ ಒಂದು ಪುಟ್ಟ ಫಂಕ್ಷನ್ ಇಟ್ಟು ಬೆಲೆ ಬದಲಿಸಿ.