ಬಂಡೆ ಅಡ್ಡ ಬಂದರೆ ಎರಡೂ ಸುಮ್ಮನಾಗುತ್ತವೆ: ಅಂತರಗಂಗೆ ಬೆಟ್ಟದಲ್ಲಿ ವಾಕಿಟಾಕಿ, ಜಿಪಿಎಸ್ ಬಳಸಿದ ಅನುಭವ

ಕೋಲಾರ ಪೇಟೆಯಿಂದ ನೋಡಿದರೆ ಶತಶೃಂಗ ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ. ಹಾಗಾಗಿ ಅಂತರಗಂಗೆಗೆ ಬರುವವರಲ್ಲಿ ಜಾಸ್ತಿ ಜನ "ಇಲ್ಲಿಗ್ಯಾಕೆ ವಾಕಿಟಾಕಿ, ಫೋನ್ ಇದೆಯಲ್ಲ" ಅಂತಲೇ ಶುರು ಮಾಡುತ್ತಾರೆ. ದೇವಸ್ಥಾನದ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿ ದಾಟಿ, ಮೇಲಿನ ಗುಂಡುಗಳ ಸಂದಿಗೆ ಇಳಿಯುವವರೆಗೆ ಮಾತ್ರ ಆ ಮಾತು. ಒಂದರ ಮೇಲೊಂದು ಬಿದ್ದ ಆ ದೊಡ್ಡ ಬಂಡೆಗಳ ಕೆಳಗೆ ಫೋನಿಗೆ ಸಿಗ್ನಲ್ ಇಲ್ಲ. ಮುಂದೆ ಹೋದವರು ಎಲ್ಲಿದ್ದಾರೆ, ಹಿಂದಿನವರು ಎಲ್ಲಿ ಸಿಕ್ಕಿಕೊಂಡರು ಅಂತ ಗೊತ್ತಾಗೋದಿಲ್ಲ. ಕೂಗಿದರೆ ದನಿ ಹತ್ತು ಕಡೆಯಿಂದ ವಾಪಸ್ ಬರುತ್ತದೆ.

ರಜಾ ದಿನಗಳಲ್ಲಿ ಗುಂಪುಗಳನ್ನು ಈ ಬೆಟ್ಟಕ್ಕೆ ಕರೆದುಕೊಂಡು ಹೋಗೋದು ನನ್ನ ಕೆಲಸ. ಆಗಾಗ ಚಿಕ್ಕಬಳ್ಳಾಪುರದ ಕಳವಾರ ಬೆಟ್ಟ, ತುಮಕೂರು ಕಡೆಯ ಮಧುಗಿರಿಗೂ ಹೋಗುತ್ತೇನೆ. ವಾಕಿಟಾಕಿ, ಜಿಪಿಎಸ್ ಎರಡನ್ನೂ ಬಳಸುತ್ತಾ ಬಂದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ನಮ್ಮ ಬಂಡೆ ಬೆಟ್ಟಗಳಲ್ಲಿ ಸೆಟ್ಟಿನ ಬೆಲೆಗಿಂತ ನಾವು ನಿಂತ ಜಾಗವೇ ದೊಡ್ಡದು. ವಾಕಿಟಾಕಿಗೆ ಇಬ್ಬರ ನಡುವೆ ಬಂಡೆ ಇರಬಾರದು. ಜಿಪಿಎಸ್‌ಗೆ ತಲೆ ಮೇಲೆ ಬಂಡೆ ಇರಬಾರದು.

ಮೊದಲು ವಾಕಿಟಾಕಿ. ಡಬ್ಬದ ಮೇಲೆ "10 ಕಿ.ಮೀ. ರೇಂಜ್" ಅಂತ ಬರೆದಿರುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ನೀವು ನಿಂತ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿದರೆ ರೇಡಿಯೋ ಅಲೆ ಭೂಮಿಯ ಬಾಗು ಅಡ್ಡ ಬರುವ ಮುಂಚೆ ಎಷ್ಟು ಕಿಲೋಮೀಟರ್ ಹೋಗಬಹುದು ಅನ್ನೋದು ಹೆಚ್ಚುಕಮ್ಮಿ ಸಿಗುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ ಹಿಡಿದವನಿಗೆ ಸುಮಾರು 5 ಕಿ.ಮೀ. ಎದುರಿಗಿರುವವನದೂ 5 ಸೇರಿದರೆ 10 ಆಯಿತು. ಆದರೆ ಅದು ಮರ, ಮನೆ, ಕಲ್ಲು ಏನೂ ಇಲ್ಲದ ಮೈದಾನದ ಲೆಕ್ಕ. ಅಂಥ ಮೈದಾನ ಕೋಲಾರದಲ್ಲಿ ಎಲ್ಲಿದೆ ಹೇಳಿ?

ಅದೇ ಲೆಕ್ಕ ಬೆಟ್ಟದ ಮೇಲೆ ನಮ್ಮ ಪರ ತಿರುಗುತ್ತದೆ. ಬಯಲಿಗಿಂತ 100 ಮೀಟರ್ ಮೇಲೆ ನಿಂತರೆ 40 ಕಿ.ಮೀ. ತನಕ ಭೂಮಿಯ ಬಾಗಿನ ತೊಂದರೆಯೇ ಇಲ್ಲ. ಬೆಟ್ಟದ ಅಂಚಿಗೆ ಬಂದು ನಿಂತರೆ ಕೆಳಗೆ ಕೋಲಾರಮ್ಮನ ಕೆರೆ ಏರಿ ಮೇಲಿರುವವನ ಜೊತೆ ಅರ್ಧ ವ್ಯಾಟಿನ ಸಣ್ಣ ಸೆಟ್ಟಿನಲ್ಲೇ ಮಾತಾಡಬಹುದು. ಅದೇ ಸೆಟ್ ಹಿಡಿದು ಒಂದು ದೊಡ್ಡ ಗುಂಡಿನ ಹಿಂದೆ ಸರಿದರೆ, ಕೂಗಳತೆಯಲ್ಲಿರುವವನಿಗೂ ಬರೀ ಗರಗರ. ನಾವು ಬಳಸುವ 446 ಮೆಗಾಹರ್ಟ್ಸ್ ಅಲೆ ಹೆಚ್ಚುಕಮ್ಮಿ ನೇರ ಹೋಗುತ್ತದೆ. ಎಲೆ, ಪೊದೆ ಸ್ವಲ್ಪ ತಿಂದುಕೊಳ್ಳುತ್ತವೆ. ಕಲ್ಲು ಪೂರ್ತಿ ನುಂಗುತ್ತದೆ.

"ಹಾಗಾದ್ರೆ 5 ವ್ಯಾಟ್ ಸೆಟ್ ತಗೊಳ್ಳೋಣ ಅಣ್ಣ" ಅನ್ನುವ ಹುಡುಗರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ತೆರೆದ ಜಾಗದಲ್ಲೇ ದೂರ ಎರಡು ಪಟ್ಟು ಆಗಬೇಕಾದರೆ ಪವರ್ ನಾಲ್ಕು ಪಟ್ಟು ಬೇಕು. ಹತ್ತು ಪಟ್ಟು ಪವರ್ ಕೊಟ್ಟರೂ ದೂರ ಮೂರು ಪಟ್ಟು ದಾಟೋದು ಕಷ್ಟ. ಬಂಡೆಯ ಹಿಂದೆ ಆ ಲಾಭವೂ ಇಲ್ಲ. ನಾಲ್ಕು ಹೆಜ್ಜೆ ಮೇಲೆ ಹತ್ತಿ ನಿಂತರೆ ಸಿಗೋದು ಅದಕ್ಕಿಂತ ಜಾಸ್ತಿ, ಅದೂ ಬಿಟ್ಟಿಯಾಗಿ.

ಅದಕ್ಕೇ ನಾನು ನಡುವೆ ಒಬ್ಬರನ್ನು ನಿಲ್ಲಿಸುತ್ತೇನೆ. ಮುಂದೆ ನಾನು, ಕೊನೆಯಲ್ಲಿ ಎಲ್ಲರನ್ನೂ ಒಟ್ಟು ಮಾಡಿಕೊಂಡು ಬರುವ ಒಬ್ಬ, ಇಬ್ಬರಿಗೂ ಕಾಣುವ ಗುಂಡಿನ ಮೇಲೆ ಮೂರನೆಯವನು. ಬೆಟ್ಟದ ಮೇಲಿನ ಊರಿನ ಹುಡುಗನೇ ಈ ಕೆಲಸಕ್ಕೆ ಸರಿ. ಯಾವ ಸಂದಿ ಎಲ್ಲಿಗೆ ಬಿಡುತ್ತದೆ ಅಂತ ಅವನಿಗೆ ಗೊತ್ತು, ಗುಂಡು ಹತ್ತೋದಕ್ಕೆ ಭಯವೂ ಇಲ್ಲ. ಹಿಂದಿನವನು ಗವಿಯ ಬಾಯಿಗೆ ಬಂದು ಹೇಳಿದ್ದನ್ನು ಅವನು ಕೇಳಿಸಿಕೊಂಡು ನನಗೆ ಹೇಳುತ್ತಾನೆ: "ಅಣ್ಣಾ, ಹಿಂದಿನೋರು ಎರಡನೇ ಗವಿ ಒಳಗೇ ಅವ್ರೆ. ಒಬ್ರಿಗೆ ಕಾಲು ನೋವಂತೆ, ನಿಧಾನ ಮಾಡು." ನನಗೆ ಬೇಕಾದ ಸುದ್ದಿ ಅಷ್ಟೇ. ಅವನು ಒಂದು ಮಾತನ್ನೂ ಸೇರಿಸಬಾರದು, ಬಿಡಬಾರದು. ಇದನ್ನು ಮೊದಲೇ ಹೇಳಿಕೊಡಬೇಕು. ಇಲ್ಲದಿದ್ದರೆ "ಕಾಲು ನೋವು" ನನ್ನ ಹತ್ತಿರ ಬರುವಷ್ಟರಲ್ಲಿ "ಕಾಲು ಮುರೀತು" ಆಗಿರುತ್ತದೆ.

ಮಾತಾಡುವ ರೀತಿಗೂ ಸ್ವಲ್ಪ ಅಭ್ಯಾಸ ಬೇಕು. ಬಟನ್ ಒತ್ತಿದ ತಕ್ಷಣ ಮಾತಾಡಿದರೆ ಮೊದಲ ಪದ ಕತ್ತರಿಸಿ ಹೋಗುತ್ತದೆ. "ಬರಬೇಡಿ" ಅಂದಿದ್ದು "ಬೇಡಿ" ಅಂತ ಕೇಳಿಸುತ್ತದೆ. ಒತ್ತಿ, ಒಂದು ಉಸಿರು ಬಿಟ್ಟು, ಆಮೇಲೆ ಮಾತು. ಮೊದಲು ಯಾರಿಗೆ ಅನ್ನೋದು, ನಂತರ ಯಾರು ಅನ್ನೋದು: "ಮುಂದೆ, ಮುಂದೆ, ನಾನು ಹಿಂದೆ." ಹೆಸರು ಬೇಡ. ಒಂದೇ ಗುಂಪಿನಲ್ಲಿ ಮೂವರು ಮಂಜುನಾಥ ಇರುವ ಊರು ನಮ್ಮದು. ಮಾತು ಮುಗಿದರೆ "ಓವರ್". ಸಿನಿಮಾ ಥರ ಅನ್ನಿಸಿದರೂ ಪರವಾಗಿಲ್ಲ, ಈ ಸೆಟ್‌ಗಳಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡೋಕೆ ಆಗೋದು. ಇಬ್ಬರೂ ಒಟ್ಟಿಗೆ ಒತ್ತಿದರೆ ಇಬ್ಬರದೂ ಹಾಳು. ಸೆಟ್ಟನ್ನು ಬಾಯಿಂದ ಒಂದು ಗೇಣು ದೂರ, ಆಂಟೆನಾ ನೆಟ್ಟಗೆ ಮೇಲಕ್ಕೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಮಾತಾಡಿದರೆ ಅರ್ಧ ಅಲೆ ನಮ್ಮ ಮೈಯೇ ಹೀರಿಕೊಳ್ಳುತ್ತದೆ. ಬ್ಯಾಗಿನೊಳಗೆ ತುರುಕಿದ ಸೆಟ್ಟಿನ ಬಟನ್ ಒತ್ತಿಕೊಂಡು ಬಿಟ್ಟರಂತೂ ಅಷ್ಟು ಹೊತ್ತೂ ಚಾನೆಲ್ ಕಟ್ಟಿಹೋಗುತ್ತದೆ. ಎಲ್ಲರೂ ಚಿಪ್ಸ್ ಪ್ಯಾಕೆಟ್ಟಿನ ಸದ್ದು ಕೇಳುತ್ತಾ ಕೂರಬೇಕು.

ಇನ್ನೊಂದು ವಿಷಯ, ಚಾನೆಲ್ ಜೊತೆ ಸೆಟ್ಟಿನಲ್ಲಿ ಹಾಕಿಕೊಳ್ಳುವ "ಪ್ರೈವೆಸಿ ಕೋಡ್". ಹೆಸರು ನೋಡಿ ನಮ್ಮ ಮಾತು ಬೇರೆಯವರಿಗೆ ಕೇಳಿಸೋದಿಲ್ಲ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನಿಮ್ಮ ದನಿಯ ಜೊತೆ ಒಂದು ಸಣ್ಣ ಗುನುಗು ಸೇರಿಕೊಂಡು ಹೋಗುತ್ತದೆ. ನಿಮ್ಮ ಗುಂಪಿನ ಸೆಟ್ ಆ ಗುನುಗು ಇದ್ದರೆ ಮಾತ್ರ ಸ್ಪೀಕರ್ ತೆರೆಯುತ್ತದೆ. ಕೋಡ್ ಹಾಕದೆ ಇರುವ ಪಕ್ಕದ ಗುಂಪಿಗೆ ನಿಮ್ಮ ಮಾತೆಲ್ಲ ಕೇಳಿಸುತ್ತದೆ. ಇನ್ನೂ ತೊಂದರೆ ಏನಂದರೆ, ಅವರು ಅದೇ ಚಾನೆಲ್‌ನಲ್ಲಿ ಮಾತಾಡುತ್ತಿರೋದು ನಿಮಗೆ ಗೊತ್ತೇ ಆಗೋದಿಲ್ಲ. ಭಾನುವಾರ ಬೆಳಿಗ್ಗೆ ಕಳವಾರ ಬೆಟ್ಟದಲ್ಲಿ ಎಲ್ಲರ ಸೆಟ್ಟೂ ಡಬ್ಬದಿಂದ ತೆಗೆದ ಹಾಗೇ 1ನೇ ಚಾನೆಲ್‌ನಲ್ಲಿ ಇರುತ್ತದೆ. ನಾನು ಮೇಲಿನ ಯಾವುದಾದರೂ ಚಾನೆಲ್‌ಗೆ ಹೋಗಿ, ಮಾನಿಟರ್ ಬಟನ್ ಒತ್ತಿ ಖಾಲಿ ಇದೆಯಾ ಅಂತ ಕೇಳಿ, ಆಮೇಲೆ ಶುರು ಮಾಡುತ್ತೇನೆ.

ಕಾನೂನಿನ ಮಾತು ಬೋರ್ ಅನ್ನಿಸಬಹುದು, ಆದರೂ ಓದಿ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಸಾಮಾನ್ಯರು ವಾಕಿಟಾಕಿ ಬಳಸಬಹುದಾದ ಫ್ರೀಕ್ವೆನ್ಸಿ 446.0ರಿಂದ 446.2 ಮೆಗಾಹರ್ಟ್ಸ್. 2018ರ ನಿಯಮದಲ್ಲಿ ಕಡಿಮೆ ಪವರ್ ಸೆಟ್‌ಗಳಿಗೆ ಈ ವಿನಾಯಿತಿ ಬಂತು. ಸೆಟ್ಟಿಗೆ ಇಟಿಎ ಅನ್ನುವ ಸರ್ಕಾರಿ ಒಪ್ಪಿಗೆಯೂ ಇರಬೇಕು. ಅಮೆರಿಕದಲ್ಲಿರುವ ಅಣ್ಣನೋ ಮಾವನೋ ತಂದುಕೊಟ್ಟ ಸೆಟ್ 462, 467 ಮೆಗಾಹರ್ಟ್ಸ್‌ನಲ್ಲಿ ಇರುತ್ತದೆ. ಅಲ್ಲಿ ಅದು ಸರಿ, ಇಲ್ಲಿ ಅಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ 5 ವ್ಯಾಟಿನ ಸೆಟ್‌ಗಳನ್ನು ಎಲ್ಲೆಲ್ಲಿಗೋ ಟ್ಯೂನ್ ಮಾಡಬಹುದು, ಪೊಲೀಸರ ಚಾನೆಲ್‌ಗೂ ಹೋಗಿ ಬೀಳಬಹುದು. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಮಾರಾಟದ ಮೇಲೆ ಆನ್‌ಲೈನ್ ಅಂಗಡಿಗಳಿಗೆ ನೋಟಿಸ್ ಕೊಟ್ಟು, ಮಾರ್ಗಸೂಚಿಯನ್ನೂ ತಂದಿತು. ಕೊಳ್ಳುವಾಗ ಫ್ರೀಕ್ವೆನ್ಸಿ ಎಷ್ಟು, ಇಟಿಎ ಇದೆಯಾ ಅಂತ ಕೇಳಿ. ಉತ್ತರ ಬರದಿದ್ದರೆ ಆ ಅಂಗಡಿ ಬಿಡಿ.

ರೇಡಿಯೋ ಮೇಲೆ ನಿಜವಾಗಿ ಆಸಕ್ತಿ ಇದ್ದರೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸಿನ ಪರೀಕ್ಷೆ ಬರೆಯಿರಿ, 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಆದರೆ ಹ್ಯಾಮ್ ಲೈಸೆನ್ಸ್ ಹವ್ಯಾಸಕ್ಕೆ. ಅದನ್ನು ಇಟ್ಟುಕೊಂಡು ನನ್ನ ಹಾಗೆ ದುಡ್ಡು ತಗೊಂಡು ಗುಂಪು ಕರೆದೊಯ್ಯುವ ಕೆಲಸಕ್ಕೆ ಬಳಸುವ ಹಾಗಿಲ್ಲ. ಸ್ಯಾಟಲೈಟ್ ಫೋನ್, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಪುಟ್ಟ ಸಾಧನಗಳನ್ನು ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ವಿದೇಶದಿಂದ ಬಂದವರು ಇದೇ ಕಾರಣಕ್ಕೆ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಕೊಂಡಿದ್ದಾರೆ. ಬುಕಿಂಗ್ ಮಾಡುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ, ತರಬೇಡಿ ಅಂತ.

ಈಗ ಜಿಪಿಎಸ್. ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯಬೇಕು. ಜಿಪಿಎಸ್ ಸಾಧನ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಎಲ್ಲಿಗೂ ಏನೂ ಕಳಿಸೋದಿಲ್ಲ. "ಕೈಲಿ ಜಿಪಿಎಸ್ ಇದೆ, ಕಳೆದುಹೋದರೆ ಹುಡುಕಿಕೊಂಡು ಬರ್ತಾರೆ" ಅನ್ನುವವರಿದ್ದಾರೆ. ನೀವಿರುವ ಜಾಗ ನಿಮಗೆ ಮಾತ್ರ ಗೊತ್ತು. ಅದನ್ನು ಬೇರೆಯವರಿಗೆ ಹೇಳೋಕೆ ಫೋನೋ ವಾಕಿಟಾಕಿಯೋ ಬೇಕೇ ಬೇಕು.

ಸುಮಾರು 20,200 ಕಿ.ಮೀ. ಮೇಲೆ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ದನಿ ಕೇಳಿಸಿದರೆ ಜಾಗದ ಲೆಕ್ಕ ಸಿಗುತ್ತದೆ. ಗವಿಯ ಒಳಗೆ ಒಂದೂ ಕೇಳಿಸೋದಿಲ್ಲ. ಅದು ವಾಸಿ, ಪರದೆ ಮೇಲೆ "ಸಿಗ್ನಲ್ ಇಲ್ಲ" ಅಂತಾದರೂ ಬರುತ್ತದೆ. ನಿಜವಾದ ಮೋಸ ಎರಡು ದೊಡ್ಡ ಬಂಡೆಗಳ ಸಂದಿಯಲ್ಲಿ. ಅಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಾಣುತ್ತದೆ. ಅಲೆ ಬಂಡೆಗೆ ಬಡಿದು ಸುತ್ತಿ ಬಂದು ಸೇರುತ್ತದೆ. ಸುತ್ತಿ ಬಂದ ಅಲೆ ತಡವಾಗಿ ಬರುತ್ತದೆ, ಸಾಧನ ಅದನ್ನು ದೂರ ಅಂತ ಓದುತ್ತದೆ. ನೀವು ನಿಂತೇ ಇರುತ್ತೀರಿ, ಪರದೆಯ ಚುಕ್ಕಿ ಮಾತ್ರ ಕಪ್ಪೆ ಹಾಗೆ ಆಚೆ ಬಂಡೆಗೆ ನೆಗೆದಿರುತ್ತದೆ. ತೆರೆದ ಆಕಾಶದ ಕೆಳಗೆ ಮೂರರಿಂದ ಐದು ಮೀಟರ್ ಒಳಗೆ ಸರಿ ತೋರಿಸುವ ಸಾಧನ ಇಲ್ಲಿ ಹತ್ತಾರು ಮೀಟರ್ ತಪ್ಪಬಹುದು. ಎಲ್ 1, ಎಲ್ 5 ಅನ್ನುವ ಎರಡು ಫ್ರೀಕ್ವೆನ್ಸಿ ಕೇಳುವ ಹೊಸ ಸಾಧನಗಳು ಈ ಪೆಟ್ಟನ್ನು ಸ್ವಲ್ಪ ತಡೆದುಕೊಳ್ಳುತ್ತವೆ. ಜಿಪಿಎಸ್ ಥರದ್ದೇ ಆದ ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳು ಎಲ್ 5ನಲ್ಲೂ ಮಾತಾಡುತ್ತವೆ. ಫೋನ್ ಕೊಳ್ಳುವಾಗ ನಾವಿಕ್ ಇದೆಯಾ ಅಂತ ನೋಡಿಕೊಂಡರೆ ನಷ್ಟವಿಲ್ಲ. ಆದರೆ ಯಾವ ಸಾಧನವೂ ಕಲ್ಲಿನ ಆಚೆ ನೋಡೋದಿಲ್ಲ.

ಹಾಗಾಗಿ ಗವಿಗಳ ಒಳಗೆ ನಾನು ಜಿಪಿಎಸ್ ಪರದೆಯನ್ನೇ ನೋಡೋದಿಲ್ಲ. ಒಳಗೆ ಇಳಿಯುವ ಮುಂಚೆ, ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ನಿಂತು, ಆ ಜಾಗವನ್ನು ಗುರುತು ಮಾಡಿ ಹೆಸರು ಹಾಕುತ್ತೇನೆ: "ಗವಿ ಬಾಯಿ", "ಹೊರಗೆ ಬರೋ ಕಡೆ", "ಒಂಟಿ ಮರ". ಸುಮ್ನೆ 001, 002 ಅಂತ ಬಿಟ್ಟರೆ ಮುಂದಿನ ವಾರ ಯಾವುದು ಏನು ಅಂತ ಯಾರಿಗೆ ನೆನಪಿರುತ್ತದೆ?

ಜಿಪಿಎಸ್ ಕೆಲಸಕ್ಕೆ ಬರೋದು ಬೆಟ್ಟದ ನೆತ್ತಿಯ ಮೇಲೆ. ಅಲ್ಲಿ ಊರುಗಳಿವೆ, ಹೊಲಗಳಿವೆ, ನೀಲಗಿರಿ ತೋಪುಗಳಿವೆ. ತೇರಹಳ್ಳಿ ಕಡೆಗೆ ಹೋಗುವ ಕಾಲುದಾರಿ, ದನಗಳು ಮಾಡಿದ ದಾರಿ ಎಲ್ಲವೂ ಒಂದೇ ಥರ ಕಾಣುತ್ತವೆ. ಬರುವಾಗಿನ ಹಾದಿಯನ್ನು ರೆಕಾರ್ಡ್ ಮಾಡಿಕೊಂಡಿದ್ದರೆ ಅದೇ ಗೆರೆ ಹಿಡಿದು ವಾಪಸ್ ಬರಬಹುದು. ಚಳಿಗಾಲದ ಬೆಳಿಗ್ಗೆ ಕಳವಾರ ಬೆಟ್ಟದಲ್ಲಿ ಮಂಜು ಕವಿದಾಗಲೂ ಅಷ್ಟೇ, ಮುಂದಿನವರ ಬೆನ್ನು ಕಾಣದಿದ್ದರೂ ಗೆರೆ ಕಾಣುತ್ತದೆ. ಮಂಜು ಜಿಪಿಎಸ್‌ಗೆ ಅಡ್ಡ ಬರೋದಿಲ್ಲ. ದಾರಿ ಎರಡಾದ ಕಡೆ ದನ ಕಾಯುವವರು ಸಿಕ್ಕರೆ ನಾನು ಅವರನ್ನೇ ಕೇಳುತ್ತೇನೆ. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಅವರು ಹೇಳುವ ದಾರಿಯಲ್ಲಿ ಎಲ್ಲಿ ನೀರಿದೆ, ಎಲ್ಲಿ ಜೇನಿದೆ ಅನ್ನೋದೂ ಸೇರಿರುತ್ತದೆ.

ಮಧುಗಿರಿಯ ಪಾಠ ಬೇರೆ. ಅದು ಒಂದೇ ಬಂಡೆಯ ಬೆಟ್ಟ, ಮೇಲೆ ಬರೀ ಆಕಾಶ. ಸಿಗ್ನಲ್ ಅಲ್ಲಿ ಚೆನ್ನಾಗಿರುತ್ತದೆ. ಆದರೆ "ಇಲ್ಲಿಗೆ ಹೋಗು" ಅಂತ ಒತ್ತಿದರೆ ಬಾಣ ನೇರ ಗೆರೆಯನ್ನು ತೋರಿಸುತ್ತದೆ, ದಾರಿಯನ್ನಲ್ಲ. ಕೋಟೆ ಬಾಗಿಲು 200 ಮೀಟರ್ ಅಂತ ಬಾಣ ಹೇಳಬಹುದು, ನಡುವೆ ಜಾರು ಬಂಡೆಯ ಪಾತಾಳ. ಅಲ್ಲಿ ಕೊರೆದ ಮೆಟ್ಟಿಲು, ಕಂಬಿ ಇರುವ ಕಡೆಯೇ ಹೋಗಬೇಕು. ಬಾಣ ಎಷ್ಟೇ ಒತ್ತಾಯ ಮಾಡಲಿ.

ಫೋನೇ ಸಾಕಲ್ವಾ? ಬಹಳ ಕಡೆ ಸಾಕು. ಮನೆಯಲ್ಲೇ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಏರೋಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ನಡೆಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಆದರೆ ಇಂಟರ್ನೆಟ್ ಇದ್ದಾಗ ಫೋನ್ ಉಪಗ್ರಹಗಳ ವಿವರವನ್ನು ಅಲ್ಲಿಂದ ಬೇಗ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿ ತಿಳಿಯಬೇಕು. ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಬರೋದಕ್ಕೆ 12.5 ನಿಮಿಷ ಬೇಕು. ಅದಕ್ಕೆ ಗಾಡಿ ನಿಲ್ಲಿಸಿದ ಕಡೆಯೇ, ನೆಟ್‌ವರ್ಕ್ ಇರುವಾಗಲೇ ಲೊಕೇಶನ್ ಆನ್ ಮಾಡಿಸುತ್ತೇನೆ. ನನ್ನ ಕೈಯಲ್ಲಿ ಬೇರೆ ಜಿಪಿಎಸ್ ಸಾಧನ ಇರೋದು ಎರಡು ಕಾರಣಕ್ಕೆ. ಎರಡು ಎಎ ಸೆಲ್ ಹಾಕಿದರೆ ದಿನವಿಡೀ ನಡೆಯುತ್ತದೆ, ಖಾಲಿಯಾದರೆ ಹಳ್ಳಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಬಿಸಿಲಲ್ಲಿ ಪರದೆ ಚೆನ್ನಾಗಿ ಕಾಣುತ್ತದೆ.

ವಾಕಿಟಾಕಿಯಲ್ಲಿ ಜಾಗ ಹೇಳುವಾಗ ಒಂದು ಎಚ್ಚರ. 13.15 ಡಿಗ್ರಿ ಬೇರೆ, 13 ಡಿಗ್ರಿ 15 ನಿಮಿಷ ಬೇರೆ. ಒಂದು ಡಿಗ್ರಿಗೆ 60 ನಿಮಿಷ. ಹಾಗಾಗಿ 13.15 ಅಂದರೆ 13 ಡಿಗ್ರಿ 9 ನಿಮಿಷ. ಕಲಸಿಕೊಂಡರೆ ಸುಮಾರು 11 ಕಿ.ಮೀ. ಆಚೆ ಹುಡುಕುತ್ತಿರುತ್ತೀರಿ. ಗುಂಪಿನ ಎಲ್ಲ ಸಾಧನಗಳನ್ನೂ ಹೊರಡುವ ಮುಂಚೆ ದಶಮಾಂಶ ಡಿಗ್ರಿಗೆ ಹಾಕಿಬಿಡಿ. ಚುಕ್ಕಿಯ ನಂತರ ನಾಲ್ಕು ಅಂಕಿ ಸಾಕು, ಅಷ್ಟಕ್ಕೇ 11 ಮೀಟರ್ ಒಳಗೆ ಬರುತ್ತದೆ. ಒಂದೊಂದೇ ಅಂಕಿ ಓದಬೇಕು: "ಒಂದು, ಮೂರು, ಚುಕ್ಕಿ, ಒಂದು, ಐದು..." ಕೇಳಿಸಿಕೊಂಡವರು ಬರೆದುಕೊಂಡು ತಿರುಗಿ ಓದಬೇಕು. 112ಕ್ಕೆ ಫೋನ್ ಮಾಡುವ ಸಂದರ್ಭ ಬಂದರೆ ಅಂಕಿಯ ಜೊತೆ "ಅಂತರಗಂಗೆ ದೇವಸ್ಥಾನದ ಮೆಟ್ಟಿಲಿನಿಂದ ಮೇಲೆ, ಇಂಥ ಕಡೆ" ಅಂತಲೂ ಹೇಳಿ. ಬರುವವರು ಮೊದಲು ಹಿಡಿಯೋದು ಆ ಮೆಟ್ಟಿಲನ್ನೇ.

ದುಡ್ಡು ಒಂದಕ್ಕೇ ಇದ್ದರೆ ಯಾವುದು ಅಂತ ಕೇಳುತ್ತಾರೆ. ನಮ್ಮ ಕಡೆಯ ಬೆಟ್ಟಗಳಿಗೆ ವಾಕಿಟಾಕಿ ಮೊದಲು. ಜಿಪಿಎಸ್ ಕೆಲಸವನ್ನು ಫೋನ್ ಹೇಗೋ ಮಾಡುತ್ತದೆ. ಜೋಡಿ ಸೆಟ್ಟಿನ ಪ್ಯಾಕ್ ಒಂದು ಸಾಲದು, ಎರಡು ತಗೊಳ್ಳಿ. ಮುಂದೆ ಒಂದು, ಹಿಂದೆ ಒಂದು, ಗುಂಡಿನ ಮೇಲಿನವನಿಗೆ ಒಂದು. ನಾಲ್ಕನೆಯದು ಕೆಳಗೆ ಗಾಡಿ ಹತ್ತಿರ ಡ್ರೈವರ್ ಕೈಲಿರಲಿ. ಅವರಿಗೆ ಫೋನ್ ಸಿಗ್ನಲ್ ಇರುತ್ತದೆ.