ಕರಿಬೇವು ನೆಲಕ್ಕಾ, ಕುಂಡಕ್ಕಾ? ಮೊದಲು ಝೋನ್ ನೋಡಿ

ಅಮೆರಿಕಾದಲ್ಲಿ ಹೊಸದಾಗಿ ಮನೆ ತಗೊಂಡವರಿಗೆ ಒಂದು ಮಾತು. ಕರಿಬೇವು, ದುಂಡುಮಲ್ಲಿಗೆ ನೆಲದಲ್ಲಿ ನೆಡುವ ಮೊದಲು ಯುಎಸ್‌ಡಿಎ (ಅಮೆರಿಕಾದ ಕೃಷಿ ಇಲಾಖೆ) ನಕ್ಷೆಯಲ್ಲಿ ನಿಮ್ಮ ಝಿಪ್ ಕೋಡ್ ಹಾಕಿ ನೋಡಿ. ಚಳಿಗಾಲದ ಚಳಿಯ ಲೆಕ್ಕದಲ್ಲಿ ಪ್ರತಿ ಊರಿಗೂ ಒಂದು ಝೋನ್ ಸಂಖ್ಯೆ ಇರುತ್ತದೆ; ಸಂಖ್ಯೆ ಹೆಚ್ಚಿದಷ್ಟೂ ಚಳಿ ಕಡಿಮೆ. ಷಿಕಾಗೋ 6, ಡಲ್ಲಾಸ್ 8, ಮಯಾಮಿ 11. ಕರಿಬೇವು ಹೊರಗೆ ನೆಮ್ಮದಿಯಾಗಿರುವುದು 10ರಿಂದ ಮೇಲೆ. 9ರಲ್ಲಿ ಉಳಿದರೆ ಅದೃಷ್ಟ.

ಉಳಿದವರಿಗೆ ಕುಂಡವೇ ಸರಿ. ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುವಷ್ಟರಲ್ಲಿ ಒಳಗೆ ತನ್ನಿ. ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟು ನೀರು ಕಡಿಮೆ ಮಾಡಿ. ಎಲೆಯೆಲ್ಲ ಉದುರಿತು ಅಂತ ಸುಮ್ನೆ ಎಸೆಯಬೇಡಿ. ಕಾಂಡವನ್ನು ಉಗುರಲ್ಲಿ ಸ್ವಲ್ಪ ಕೆರೆದು ನೋಡಿ. ಸಿಪ್ಪೆಯ ಕೆಳಗೆ ಹಸಿರಿದ್ದರೆ ಜೀವ ಇದೆ, ಮತ್ತೆ ಚಿಗುರುತ್ತದೆ.

ಝೋನ್ ಹೇಳುವುದು ಚಳಿಗಾಲದ ಕನಿಷ್ಠ ಉಷ್ಣಾಂಶ ಮಾತ್ರ, ಬೇಸಿಗೆಯ ಸೆಕೆ ಅಲ್ಲ. ಬೆಂಡೆ, ಹಾಗಲ, ಬದನೆ ಒಂದೇ ಬೇಸಿಗೆಯ ಬೆಳೆ ಅಲ್ವಾ? ಅವಕ್ಕೆ ಝೋನ್‌ಗಿಂತ ನಿಮ್ಮೂರಲ್ಲಿ ಚಳಿಗಾಲ ಮುಗಿಯುವಾಗ ಕೊನೆಯ ಫ್ರಾಸ್ಟ್ (ರಾತ್ರಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ) ಬೀಳುವ ದಿನ ಮುಖ್ಯ.

ಇನ್ನೊಂದು: ಬೇರೆ ರಾಜ್ಯದ ಸ್ನೇಹಿತರ ಮನೆಯಿಂದ ಕರಿಬೇವಿನ ಸಸಿ ತರಬೇಡಿ. ಕಿತ್ತಳೆ, ನಿಂಬೆಗೆ ರೋಗ ಹರಡುವ ಕೀಟ ಇದರಲ್ಲೂ ಇರಬಹುದು. ಫ್ಲೋರಿಡಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿ ಸಾಗಣೆಗೆ ನಿರ್ಬಂಧವಿದೆ. ಹತ್ತಿರದ ನರ್ಸರಿಯಲ್ಲೇ ಕೊಳ್ಳಿ.