ನಟ್ ಕೂತರೆ ಸಾಲದು: ಒಂದು ಕಾರಿನ ಚಕ್ರ, ಟಯರ್, ಸೀಟುಗಳನ್ನು ಇನ್ನೊಂದಕ್ಕೆ ಹಾಕುವ ಮುನ್ನ

ಜೂನ್ ತಿಂಗಳ ಮಳೆ ಹಿಡಿಯುವ ಮುಂಚೆ ಟಯರ್ ಬದಲಾಯಿಸಿಕೊಳ್ಳುವುದು ಕೊಡಗಿನ ಕಾರು ಮಾಲೀಕರಿಗೆ ತಪ್ಪದ ಕೆಲಸ. ಸವೆದ ಟಯರಿನಲ್ಲಿ ಸಂಪಾಜೆ ಘಾಟಿಯನ್ನೋ ಮಾಕುಟ್ಟದ ತಿರುವುಗಳನ್ನೋ ಇಳಿಯುವ ಸಾಹಸ ಯಾರಿಗೂ ಬೇಡ. ಈ ಸಮಯದಲ್ಲಿ ಕೆಲವರು ಬರೀ ಟಯರ್ ಕೊಳ್ಳುವ ಬದಲು, ತಮ್ಮದೇ ಮಾದರಿಯ ದುಬಾರಿ ವೇರಿಯಂಟಿನಿಂದ ಬಿಚ್ಚಿದ ಅಲಾಯ್ ಚಕ್ರಗಳ ಸೆಟ್ಟನ್ನು, ಅದರ ಜತೆಗೆ ಒಳ್ಳೆಯ ಸೀಟುಗಳು ಸಿಕ್ಕರೆ ಅವನ್ನೂ, ಗುಜರಿಯಿಂದಲೋ ಪರಿಚಯದವರಿಂದಲೋ ತಂದು ಹಾಕಿಸುವ ಯೋಚನೆ ಮಾಡುತ್ತಾರೆ. ಸರಿಯಾಗಿ ಹೊಂದುವ ಸೆಟ್ ಸಿಕ್ಕಿದರೆ ಅದು ಜಾಣತನದ ಖರೀದಿಯೇ. ಆದರೆ ನಟ್‌ಗಳು ಕೂತವೆಂದ ಮಾತ್ರಕ್ಕೆ ಚಕ್ರ ಹೊಂದಿತೆಂದು ತಿಳಿಯುವುದು ಅಪಾಯಕಾರಿ. ಹಣ ಕೊಡುವ ಮುಂಚೆಯೇ ಅಳೆದು ನೋಡಬೇಕಾದ ಸಂಗತಿಗಳು ಹಲವಿವೆ.

ರಿಮ್ಮಿನಲ್ಲಿ ನೋಡಬೇಕಾದ್ದು

ಮೊದಲನೆಯದು ಪಿಸಿಡಿ, ಅಂದರೆ ಬೋಲ್ಟ್‌ಗಳ ಕೇಂದ್ರಗಳು ಸೇರಿ ಆಗುವ ವೃತ್ತದ ವ್ಯಾಸ. ನಾಲ್ಕು ಬೋಲ್ಟಿನ ಹಬ್‌ನಲ್ಲಿ (ಕಾರಿನಲ್ಲಿ ಚಕ್ರವನ್ನು ಬಿಗಿಯುವ ಭಾಗ) ಎದುರುಬದುರು ಇರುವ ಎರಡು ಬೋಲ್ಟ್‌ಗಳ ನಡುಮಧ್ಯದ ಅಂತರವೇ ಪಿಸಿಡಿ. ಐದು ಬೋಲ್ಟಿನದಾದರೆ ಅಕ್ಕಪಕ್ಕದ ಎರಡು ಬೋಲ್ಟ್‌ಗಳ ಕೇಂದ್ರಗಳ ಅಂತರವನ್ನು ಅಳೆದು 1.7ರಿಂದ ಗುಣಿಸಿದರೆ ಹೆಚ್ಚುಕಡಿಮೆ ಅದೇ ಅಳತೆ ಸಿಗುತ್ತದೆ. ಒಂದೇ ಕಂಪನಿಯ ಕಾರುಗಳೆಂದು ಇದನ್ನು ಊಹಿಸಿಕೊಳ್ಳುವಂತಿಲ್ಲ: ಹಳೆಯ ಮಾರುತಿ 800ರ ಪಿಸಿಡಿ 114.3 ಮಿ.ಮೀ., ಸ್ವಿಫ್ಟಿನದು 100 ಮಿ.ಮೀ. ಇಷ್ಟು ದೊಡ್ಡ ವ್ಯತ್ಯಾಸವಿದ್ದರೆ ಚಕ್ರ ಕೂರುವುದೇ ಇಲ್ಲವಾದ್ದರಿಂದ ಮೋಸ ಹೋಗುವ ಸಂಭವ ಕಡಿಮೆ. ಭಯಪಡಬೇಕಾದದ್ದು ಸಣ್ಣ ವ್ಯತ್ಯಾಸಕ್ಕೆ. ಫಿಯೆಟ್ ಪಾಲಿಯೋ ಕಾರಿನ ಪಿಸಿಡಿ 98 ಮಿ.ಮೀ. ಆ ರಿಮ್ಮನ್ನು 100 ಮಿ.ಮೀ. ಹಬ್‌ಗೆ ಒತ್ತಾಯದಿಂದ ಬಿಗಿದರೆ ಕೂತಂತೆಯೇ ಕಾಣುತ್ತದೆ; ಆದರೆ ನಟ್‌ಗಳು ತಮ್ಮ ಕುಳಿಯಲ್ಲಿ ನೇರವಾಗಿ ಕೂರದೆ ಒಂದು ಬದಿಗೆ ಒತ್ತಿಕೊಂಡಿರುತ್ತವೆ, ಓಡುತ್ತ ಓಡುತ್ತ ಸಡಿಲಗೊಳ್ಳುತ್ತವೆ.

ಎರಡನೆಯದು ರಿಮ್ಮಿನ ನಡುವಿನ ದೊಡ್ಡ ತೂತು. ಅದು ಹಬ್‌ನ ಮೇಲೆ ಬಿಗಿಯಾಗಿ ಕೂತಾಗ ಮಾತ್ರ ಚಕ್ರ ನಟ್ಟನಡುವೆ ನಿಲ್ಲುತ್ತದೆ. ಹೋಂಡಾ ಸಿಟಿಯ ಚಕ್ರದ ತೂತು 56.1 ಮಿ.ಮೀ., ಸ್ವಿಫ್ಟಿನದು 54.1 ಮಿ.ಮೀ. ಎರಡರ ಪಿಸಿಡಿಯೂ 100 ಮಿ.ಮೀ. ಆಗಿರುವುದರಿಂದ ಸಿಟಿಯ ಚಕ್ರ ಸ್ವಿಫ್ಟಿಗೆ ಏರುತ್ತದೆ. ನಡುವಿನ ಸಂದಿಗೆ ಹಬ್ ರಿಂಗ್ ಹಾಕದಿದ್ದರೆ ವೇಗ ಹೆಚ್ಚಿದಂತೆ ಸ್ಟಿಯರಿಂಗ್ ನಡುಗತೊಡಗುತ್ತದೆ. ನಟ್‌ಗಳಲ್ಲೂ ಭೇದವಿದೆ. ಸುಜುಕಿ ಕಾರುಗಳ ನಟ್‌ನ ಎಳೆಗಳ ನಡುವಿನ ಅಂತರ 1.25 ಮಿ.ಮೀ., ಹೋಂಡಾದ್ದು 1.5 ಮಿ.ಮೀ. ಹೋಂಡಾದ ಸ್ವಂತ ಚಕ್ರಗಳಲ್ಲಿ ನಟ್ ಕೂರುವ ಕುಳಿ ಗೋಲಾಕಾರದ್ದು. ಉಳಿದ ಹೆಚ್ಚಿನ ಕಾರುಗಳಲ್ಲಿ ಅದು ಶಂಕುವಿನಾಕಾರದ್ದು. ಗೋಲದ ಕುಳಿಗೆ ಶಂಕುವಿನ ನಟ್ ಹಾಕಿದರೆ ಒಂದು ತೆಳುವಾದ ಅಂಚಿನ ಮೇಲಷ್ಟೇ ಹಿಡಿತ ಸಿಗುತ್ತದೆ. ರಿಮ್ಮನ್ನು ಕೈಯಲ್ಲಿ ಹಿಡಿದು, ನಟ್ಟನ್ನು ಕುಳಿಯೊಳಗಿಟ್ಟು ಅತ್ತಿತ್ತ ತಿರುಗಿಸಿದರೆ ಈ ಸಂಗತಿ ಬೆರಳಿಗೇ ಗೊತ್ತಾಗುತ್ತದೆ.

ಮೂರನೆಯದು ಆಫ್‌ಸೆಟ್, ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಹಬ್‌ಗೆ ಕೂರುವ ಮುಖಕ್ಕಿರುವ ದೂರ. ರಿಮ್ಮಿನ ಹಿಂಬದಿಯಲ್ಲಿ ‘ಇಟಿ’ ಎಂಬ ಅಕ್ಷರಗಳ ಪಕ್ಕ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಕೆಸರು ಕವಿದಿದ್ದರೆ ಒರೆಸಿ ಓದಬೇಕು. ಈ ಸಂಖ್ಯೆ ಹಳೆಯ ರಿಮ್ಮಿನದಕ್ಕಿಂತ ಕಡಿಮೆಯಿದ್ದರೆ ಚಕ್ರ ಹೊರಗೆ ಚಾಚಿ ಮಡ್‌ಗಾರ್ಡಿಗೆ ಉಜ್ಜುತ್ತದೆ, ಬೇರಿಂಗಿನ ಮೇಲಿನ ಹೊರೆಯೂ ಹೆಚ್ಚುತ್ತದೆ. ಹೆಚ್ಚಿದ್ದರೆ ಒಳಗೆ ಸರಿದು ಸಸ್ಪೆನ್ಷನ್ನಿಗೆ ತಾಗುತ್ತದೆ. ಸ್ಪೇಸರ್ (ಹಬ್‌ಗೂ ರಿಮ್ಮಿಗೂ ನಡುವೆ ಇಡುವ ಬಿಲ್ಲೆ) ಹಾಕಿ ಸರಿಮಾಡಿಕೊಡುತ್ತೇವೆ ಎಂಬ ಮಾತನ್ನು ಒಪ್ಪಬೇಡಿ. ಗುಂಡಿ, ತಿರುವು, ಏರಿಳಿತಗಳೇ ತುಂಬಿರುವ ನಮ್ಮ ರಸ್ತೆಗಳಲ್ಲಿ ಬೋಲ್ಟ್‌ಗಳ ಮೇಲೆ ಇನ್ನಷ್ಟು ಹೊರೆ ಹೇರುವುದು ತರವಲ್ಲ.

ಟಯರಿನ ಲೆಕ್ಕ

ರಿಮ್ ದೊಡ್ಡದಾದಾಗ ಟಯರಿನ ಗೋಡೆ ಅಷ್ಟೇ ಕಿರಿದಾಗಿ, ಒಟ್ಟು ವ್ಯಾಸ ಮೊದಲಿನಷ್ಟೇ ಉಳಿಯಬೇಕು. 2018ರ ಸ್ವಿಫ್ಟಿನ ಕೆಳಗಿನ ವೇರಿಯಂಟುಗಳಲ್ಲಿ 165/80 ಆರ್ 14, ಮೇಲಿನವುಗಳಲ್ಲಿ 185/65 ಆರ್ 15 ಟಯರುಗಳಿದ್ದವು. ಇಲ್ಲಿ 165 ಎಂದರೆ ಮಿಲಿಮೀಟರಿನಲ್ಲಿ ಅಗಲ, 80 ಎಂದರೆ ಗೋಡೆಯ ಎತ್ತರ ಅಗಲದ ಶೇ 80ರಷ್ಟು, 14 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಲೆಕ್ಕ ಹಾಕಿದರೆ ಮೊದಲನೆಯದರ ಒಟ್ಟು ವ್ಯಾಸ ಸುಮಾರು 620 ಮಿ.ಮೀ., ಎರಡನೆಯದರದು 621.5 ಮಿ.ಮೀ. ಬಲೆನೊದ ಮೇಲಿನ ವೇರಿಯಂಟುಗಳಿಗೆ ಬರುವ 195/55 ಆರ್ 16 ಕೂಡ 621 ಮಿ.ಮೀ.ಗೆ ಬಂದು ನಿಲ್ಲುತ್ತದೆ. ಆದ್ದರಿಂದ ಮೂರರಲ್ಲಿ ಯಾವುದನ್ನು ಹಾಕಿದರೂ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ.

ಹಾಗೆಂದು ಮೂರೂ ನಮ್ಮ ಊರಿಗೆ ಒಗ್ಗುತ್ತವೆಯೇ? ಗೋಡೆಯ ಎತ್ತರವನ್ನು ಗಮನಿಸಿ: 14 ಇಂಚಿನದರಲ್ಲಿ 132 ಮಿ.ಮೀ., 15ರಲ್ಲಿ 120 ಮಿ.ಮೀ., 16ರಲ್ಲಿ 107 ಮಿ.ಮೀ. ಮಾತ್ರ. ತೋಟದ ಒಳದಾರಿಯ ಕಲ್ಲು, ಮಳೆನೀರು ತುಂಬಿ ಆಳವೇ ಕಾಣದ ಗುಂಡಿ ಇವುಗಳ ಪೆಟ್ಟನ್ನು ಮೊದಲು ತಾಳಿಕೊಳ್ಳುವುದು ಈ ಗೋಡೆಯೇ. ಅದು ಕಿರಿದಾದಷ್ಟೂ ಪೆಟ್ಟು ರಿಮ್ಮಿಗೆ ತಲುಪುತ್ತದೆ. ಉಕ್ಕಿನ ರಿಮ್ ಬಗ್ಗಿದರೆ ಬಡಿದು ನೆಟ್ಟಗೆ ಮಾಡಬಹುದು, ಅಲಾಯ್ ಆದರೆ ಸೀಳಬಹುದು. ದಿನವೂ ತೋಟಕ್ಕೆ ಹೋಗಿಬರುವ ಸ್ವಿಫ್ಟಿಗೆ 15 ಇಂಚಿನಿಂದ ಮೇಲೆ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಟಯರ್ ಸಮೇತ ಸೆಟ್ ಕೊಳ್ಳುವುದಾದರೆ ಗೋಡೆಯ ಮೇಲಿನ ನಾಲ್ಕಂಕಿಯ ಮುದ್ರೆಯನ್ನು ಓದಿ. 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದದ್ದು. ಅಳತೆಯ ಪಕ್ಕದ 85, 88ರಂತಹ ಸಂಖ್ಯೆ ಹೊರೆಯ ಮಿತಿ: 85 ಎಂದರೆ 515 ಕೆ.ಜಿ., 88 ಎಂದರೆ 560 ಕೆ.ಜಿ. ಕಾರಿಗೆ ತಯಾರಕರು ಕೊಟ್ಟದ್ದಕ್ಕಿಂತ ಕಡಿಮೆ ಹೊರೆಯದನ್ನು ಹಾಕಬಾರದು. ಕಾರಿನ ಟಯರಿನ ಮೇಲ್ಮೈಯ ತೋಡುಗಳು ಕನಿಷ್ಠ 1.6 ಮಿ.ಮೀ. ಆಳವಿರಬೇಕೆಂದು ಕಾನೂನು ಹೇಳುತ್ತದೆ. ಆದರೆ ಕಕ್ಕಡದ (ಜುಲೈ–ಆಗಸ್ಟ್‌ಗೆ ಬರುವ ಕೊಡವ ತಿಂಗಳು) ಮಳೆಯಲ್ಲಿ ರಸ್ತೆಯ ಮೇಲಿನ ನೀರನ್ನು ಹೊರಹಾಕಲು ಅಷ್ಟು ಸಾಲದು, 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಕೊಳ್ಳಬೇಡಿ.

ಫೋರ್ ವೀಲ್ ಜೀಪುಗಳಿರುವವರಿಗೆ ಇನ್ನೊಂದು ಎಚ್ಚರಿಕೆ. ಜಿಪ್ಸಿಗೂ ಜಿಮ್ನಿಗೂ ಐದು ಬೋಲ್ಟಿನ 139.7 ಮಿ.ಮೀ. ಪಿಸಿಡಿಯೇ ಇದೆ, ರಿಮ್ 15 ಇಂಚಿನದೇ. ಆದರೆ ಜಿಮ್ನಿಯ 195/80 ಟಯರ್ 693 ಮಿ.ಮೀ., ಜಿಪ್ಸಿಯ 205/70 ಟಯರ್ 668 ಮಿ.ಮೀ. ಇವುಗಳಲ್ಲಿ ಎರಡನ್ನು ಮುಂದೆ, ಎರಡನ್ನು ಹಿಂದೆ ಹಾಕಿ ಫೋರ್ ವೀಲ್ ಎಳೆದರೆ, ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳು ಪರಸ್ಪರ ಜಗ್ಗಾಡಿ ಗೇರ್‌ಗಳಿಗೆ ಪೆಟ್ಟಾಗುತ್ತದೆ. ಬದಲಾಯಿಸುವುದಾದರೆ ನಾಲ್ಕನ್ನೂ ಬದಲಾಯಿಸಬೇಕು.

ಜೋಡಿಸುವ ಕ್ರಮ

ನಮ್ಮಲ್ಲಿ ಅನೇಕ ಮನೆಗಳ ಅಂಗಳ ಇಳಿಜಾರಾಗಿರುತ್ತದೆ. ಅಲ್ಲಿ ಜಾಕ್ ಹಾಕಬೇಡಿ. ಕಾಫಿ ಒಣಗಿಸುವ ಸಿಮೆಂಟ್ ಕಣವಿದ್ದರೆ ಅದೇ ಒಳ್ಳೆಯ ಜಾಗ. ಹ್ಯಾಂಡ್‌ಬ್ರೇಕ್ ಎಳೆದು, ಎತ್ತದ ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಚಕ್ರ ನೆಲದಲ್ಲಿರುವಾಗಲೇ ನಟ್‌ಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಹಳೆಯ ಚಕ್ರ ತೆಗೆದ ಮೇಲೆ ಹಬ್‌ನ ಮುಖವನ್ನು ತಂತಿ ಬ್ರಷ್‌ನಿಂದ ಚೆನ್ನಾಗಿ ಉಜ್ಜಬೇಕು. ನಮ್ಮ ಮಳೆಗೆ ಅಲ್ಲಿ ತುಕ್ಕು ಪದರಪದರವಾಗಿ ಕಟ್ಟಿಕೊಂಡಿರುತ್ತದೆ. ಅದರ ಮೇಲೆಯೇ ಹೊಸ ಚಕ್ರ ಕೂರಿಸಿದರೆ ನಾಳೆ ತುಕ್ಕು ಪುಡಿಯಾಗಿ ಉದುರಿ, ನಟ್ ತಾನಾಗಿ ಸಡಿಲವಾಗುತ್ತದೆ. ಬೋಲ್ಟಿಗೆ ಗ್ರೀಸ್ ಹಚ್ಚಬೇಡಿ.

ನಟ್‌ಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಬೆರಳಿಗೆ ಸುಲಭವಾಗಿ ತಿರುಗದಿದ್ದರೆ ಎಳೆ ಬೇರೆಯಿರಬಹುದು ಇಲ್ಲವೇ ಕೆಟ್ಟಿರಬಹುದು, ಅಲ್ಲಿಗೇ ನಿಲ್ಲಿಸಿ. ಬಳಿಕ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಬ್ರೇಕ್ ಕ್ಯಾಲಿಪರ್‌ಗೆ ತಾಗುತ್ತದೆಯೇ ನೋಡಿ. ಕಾರನ್ನು ಇಳಿಸಿದ ಮೇಲೆ ಎದುರುಬದುರಿನ ನಟ್‌ಗಳನ್ನು ಸರದಿಯಂತೆ ಟಾರ್ಕ್ ರೆಂಚ್‌ನಿಂದ (ಬಿಗಿತವನ್ನು ಅಳೆದು ತೋರಿಸುವ ಸ್ಪ್ಯಾನರ್) ಬಿಗಿಯಿರಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. ನಿಮ್ಮ ಕಾರಿನ ಅಂಕಿ ಮಾಲೀಕರ ಕೈಪಿಡಿಯಲ್ಲಿರುತ್ತದೆ. ಐದು ಜನರನ್ನು ಕೂರಿಸಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಉಜ್ಜುವ ಸದ್ದು ಬರುತ್ತದೆಯೇ ಕೇಳಿ. ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗಿ ಬಂದರೆ ಸುಮಾರು 60 ಕಿ.ಮೀ. ಆಗುತ್ತದೆ; ಅಷ್ಟು ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಲೇಬೇಕು.

ಸೀಟು ಬದಲಾಯಿಸುವವರಿಗೆ

ಸೀಟು ಎಂದರೆ ಬರೀ ಕೂರುವ ಜಾಗವೆಂದು ಭಾವಿಸಬಾರದು. ಈಗಿನ ಕಾರುಗಳಲ್ಲಿ ಮುಂದಿನ ಸೀಟ್‌ಬೆಲ್ಟಿನ ಬಕಲ್ ಸೀಟಿನ ಚೌಕಟ್ಟಿಗೇ ಬಿಗಿದಿರುವುದು ಸಾಮಾನ್ಯವಾದ್ದರಿಂದ, ಅಪಘಾತದಲ್ಲಿ ಮನುಷ್ಯನ ಭಾರದ ದೊಡ್ಡ ಪಾಲು ಆ ಸೀಟಿನ ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಆದಕಾರಣ ಸೀಟು ಹಿಂದೆ ಮುಂದೆ ಜಾರುವ ರೇಲಿನ ತೂತುಗಳು ಕಾರಿನ ನೆಲದ ತೂತುಗಳಿಗೆ ಮಿಲಿಮೀಟರ್ ತಪ್ಪದೆ ಹೊಂದಬೇಕು. ಹೊಸ ತೂತು ಕೊರೆಯುವುದು, ಪಟ್ಟಿ ಬೆಸುಗೆ ಹಾಕಿ ಕೂರಿಸುವುದು ಎಂದಿಗೂ ಬೇಡ. ಸ್ವಿಫ್ಟ್, ಡಿಸೈರ್, ಬಲೆನೊಗಳು ಒಂದೇ ಪ್ಲಾಟ್‌ಫಾರ್ಮಿನ (ಕಾರಿನ ತಳದ ಚೌಕಟ್ಟು) ಮೇಲೆ ಬಂದಿದ್ದರೂ ಸೀಟಿನ ತೂತುಗಳನ್ನು ಅಳೆಯದೆ ಹಣ ಕೊಡಬೇಡಿ.

ಬೆನ್ನಾಸರೆಯ ಬದಿಯಲ್ಲಿ ಏರ್‌ಬ್ಯಾಗ್ ಚೀಟಿ ಇದೆಯೇ ನೋಡಿ. 2024ರ ಸ್ವಿಫ್ಟಿನ ಎಲ್ಲ ವೇರಿಯಂಟುಗಳಲ್ಲೂ ಆರು ಏರ್‌ಬ್ಯಾಗುಗಳಿದ್ದು, ಅವುಗಳಲ್ಲಿ ಎರಡು ಮುಂದಿನ ಸೀಟುಗಳೊಳಗಿವೆ. ಅಂತಹ ಕಾರಿಗೆ ಹಳೆಯ ಸೀಟು ಹಾಕಿದರೆ ಆ ರಕ್ಷಣೆಯನ್ನು ಕೈಯಾರೆ ಕಿತ್ತುಹಾಕಿದಂತೆ. ಗುಜರಿಯ ಸೀಟಾದರೆ ಕವರ್ ಎತ್ತಿ ಫೋಮಿನ ವಾಸನೆ ನೋಡಿ, ರೇಲಿನ ಸಂದಿಗೆ ಟಾರ್ಚ್ ಹಿಡಿಯಿರಿ. ಸ್ಪ್ರಿಂಗಿನ ಸುರುಳಿಯೊಳಗೂ ನುಣ್ಣನೆಯ ಕೆಸರು ಒಣಗಿ ಕೂತಿದ್ದರೆ ಆ ಕಾರು ನೆರೆಯಲ್ಲಿ ಮುಳುಗಿದ್ದೆಂದು ಅನುಮಾನಿಸಬೇಕು. ಒಂದು ಬಕಲ್ ಇನ್ನೊಂದಕ್ಕಿಂತ ಕುಗ್ಗಿ ಕೆಳಗಿದ್ದರೆ ಅದರ ಪ್ರಿಟೆನ್ಷನರ್ (ಡಿಕ್ಕಿಯಾದ ಕ್ಷಣ ಬೆಲ್ಟನ್ನು ಬಿಗಿಯಾಗಿ ಎಳೆಯುವ ಸಾಧನ) ಅಪಘಾತದಲ್ಲಿ ಸಿಡಿದಿರುವ ಸಾಧ್ಯತೆ ಹೆಚ್ಚು. ಅಂತಹ ಸೀಟು ಬೇಡ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸೀಟುಗಳ ಸಂಖ್ಯೆ ಆರ್.ಸಿ.ಯಲ್ಲಿ ದಾಖಲಾಗಿರುವುದರಿಂದ ಅದನ್ನು ಹೆಚ್ಚಿಸಲೂಬಾರದು, ಕಡಿಮೆ ಮಾಡಲೂಬಾರದು. ಅಲಾಯ್ ಹಾಕಿಸಿದ್ದನ್ನು ವಿಮಾ ಕಂಪನಿಗೆ ಬರೆದು ತಿಳಿಸಿರಿ.

ಕೆಲಸ ಆರಂಭಿಸುವ ಮೊದಲು ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಉಳಿದ ವಿದ್ಯುತ್ ಇಳಿಯುವವರೆಗೆ ಕೆಲವು ನಿಮಿಷ ಕಾಯಬೇಕು. ಸೀಟಿನಡಿಯ ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗಿಗೂ ಪ್ರಿಟೆನ್ಷನರಿಗೂ ಸೇರಿದವು. ಅವಕ್ಕೆ ಮಲ್ಟಿಮೀಟರ್ ಹಚ್ಚಬೇಡಿ, ಎಳೆಯದೆ ಲಾಕ್ ಒತ್ತಿ ಬಿಡಿಸಿ. ಹೊಸ ಸೀಟಿನ ಎಲ್ಲ ಕನೆಕ್ಟರ್‌ಗಳನ್ನು ಸೇರಿಸುವವರೆಗೆ ಬ್ಯಾಟರಿ ಜೋಡಿಸಬಾರದು, ಕೀಲಿಯನ್ನೂ ತಿರುಗಿಸಬಾರದು. ಬೋಲ್ಟ್ ಬಿಗಿದಾದ ಮೇಲೆ ಸೀಟನ್ನು ಹಿಂದೆ ಮುಂದೆ ಜಾರಿಸಿ, ಎರಡೂ ರೇಲುಗಳು ಒಟ್ಟಿಗೇ ‘ಟಕ್’ ಎಂದು ಕಚ್ಚುತ್ತವೆಯೇ ಕೇಳಿ, ಬಲವಾಗಿ ಅಲುಗಾಡಿಸಿ ನೋಡಿ. ಕಡೆಗೆ ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಹೊತ್ತಿ ಆರಬೇಕು. ಆರದೆ ಉಳಿದರೆ, ರೆಸಿಸ್ಟರ್ ಹಾಕಿ ದೀಪ ಆರಿಸಿಕೊಡುತ್ತೇನೆ ಎನ್ನುವವರ ಬಳಿ ಹೋಗದೆ, ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ಸ್ಕ್ಯಾನ್ ಮಾಡಿಸಿ. ಅಲ್ಲಿಯವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಿ ದೂರ ಪ್ರಯಾಣ ಹೊರಡಬೇಡಿ.